ಕಾಶ್ಯಪ ಗೋತ್ರದ ಹನ್ನೊಂದು ಜನ

ಅಣ್ಣನ ಮಗಳ ಮದುವೆಯ ಲಗ್ನಪತ್ರಿಕೆ ಅಚ್ಚು ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ಶೇಷಾದ್ರಿಪುರಂನಲ್ಲಿ ನನಗೆ ಗೊತ್ತಿರುವ ಹಳೆಯ ಪ್ರೆಸ್ ಒಂದಿದೆ, ಅಲ್ಲೇ ಕೊಡುತ್ತೇನೆ ಎಂದು ಫೋನಿನಲ್ಲಿ ಹೇಳಿದೆ. ಅಣ್ಣ, "ಬೇರೆ ಎಲ್ಲಾದ್ರೂ ಮಾಡ್ಸೇ ವತ್ಸಲಾ, ಅವ್ನು ಲೇಟ್ ಮಾಡ್ತಾನೆ" ಅಂದ. ಆ ಪ್ರೆಸ್ಸಿನವರು ಒಂದು ದಿನವೂ ತಡ ಮಾಡುವವರಲ್ಲ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು.

ಹಾಗೆಂದನೆಂದೇ ಹೋದೆ. ಬೇಡ ಅಂದ ಕಡೆ ಹೋಗುವುದು ನನ್ನ ಹುಟ್ಟುಗುಣ. ಬಾಗಿಲು ತಳ್ಳಿದ ಕೂಡಲೇ ಅಚ್ಚಿನ ಮಸಿ, ಸೀಮೆಎಣ್ಣೆ, ಹೊಸ ಕಾಗದ ಎಲ್ಲ ಸೇರಿದ ಅದೇ ವಾಸನೆ ಮೂಗಿಗೆ ಬಡಿಯಿತು. ಮಾಲೀಕನ ಮಗ ಮಾದರಿ ಪತ್ರಿಕೆಗಳ ಆಲ್ಬಮ್ ತೆರೆದು, "ಗಣೇಶ ಈ ಥರ ಇರ್ಲಾ ಮೇಡಂ, ಎಲೆ ಮೇಲೆ ಕೂತಿರೋದು ಇರ್ಲಾ?" ಎಂದು ಕೇಳುತ್ತಿದ್ದ. ನಾನು ಗಣೇಶನನ್ನು ಬಿಟ್ಟು ತಲೆ ಎತ್ತಿ ಸೂರು ನೋಡುತ್ತಿದ್ದೆ. ಮೇಲಿನ ಮಹಡಿಯಲ್ಲಿ ಈಗ ಮಕ್ಕಳ ಟ್ಯೂಷನ್ ನಡೆಯುತ್ತದಂತೆ. ನಮ್ಮ ಕಾಲಕ್ಕೆ ಅಲ್ಲಿ ಡೆನ್ಮಾರ್ಕ್ ಇತ್ತು.

ಎರಡು ಸಾವಿರದ ಇಸವಿ ಆಗ ತಾನೇ ದಾಟಿತ್ತು. ಪ್ರಭಾಕರ್ ಎಂಬುವವರು ನಾನು ಕೆಲಸಕ್ಕಿದ್ದ ತಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬೆರಳಚ್ಚು ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿ, ಕಂಪ್ಯೂಟರ್ ತಂದಿಟ್ಟು, ಹೊರದೇಶದ ಕೆಲಸ ಹಿಡಿಯಲು ಶುರು ಮಾಡಿದ್ದರು. ಯಾವುದೋ ಆಟದ ವೆಬ್‌ಸೈಟಿನವರು ಯುರೋಪಿನ ಫುಟ್‌ಬಾಲ್ ಪಂದ್ಯಗಳ ವಿವರವನ್ನು ನಿಮಿಷ ನಿಮಿಷಕ್ಕೂ ಟೈಪ್ ಮಾಡಿ ಹಾಕುವ ಕೆಲಸವನ್ನು ನಮ್ಮ ದೇಶದವರಿಗೆ ಹಂಚುತ್ತಿದ್ದರು. ದೊಡ್ಡ ದೇಶಗಳೆಲ್ಲ ದೊಡ್ಡ ಆಫೀಸುಗಳಿಗೆ ಹೋಗಿ, ಪ್ರಭಾಕರ್ ಅವರಿಗೆ ಉಳಿದದ್ದು ಡೆನ್ಮಾರ್ಕಿನ ಮೊದಲ ದರ್ಜೆಯ ಲೀಗ್. ಹನ್ನೆರಡು ತಂಡ, ಹನ್ನೆರಡು ಕುರ್ಚಿ. ಒಬ್ಬೊಬ್ಬರಿಗೆ ಒಂದು ತಂಡ. ವಾರವಿಡೀ ಆ ತಂಡದ ಆಟಗಾರರ ವಿವರ, ಗಾಯದ ಸುದ್ದಿ ಟೈಪ್ ಮಾಡುವುದು. ಭಾನುವಾರ ಸಂಜೆ ನಮ್ಮ ತಂಡ ತನ್ನ ಊರಿನಲ್ಲೇ ಆಡಿದರೆ ಆ ಮೈದಾನದಿಂದ ಒಬ್ಬರು ನಮಗೆ ಫೋನ್ ಮಾಡುತ್ತಿದ್ದರು. ಅವರು ಮುರುಕು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾವು ಮುರುಕು ಇಂಗ್ಲಿಷಿನಲ್ಲೇ ಕೇಳಿಸಿಕೊಂಡು ಪರದೆಗೆ ಏರಿಸಬೇಕು. ಊರು ಬಿಟ್ಟು ಹೊರಗೆ ಆಡಿದ ವಾರ ಪಕ್ಕದವರ ಪರದೆ ಇಣುಕಿ ನೋಡುತ್ತ ಕೂರಬಹುದು.

ನನಗೆ ಫುಟ್‌ಬಾಲ್ ಕಂಡರೆ ಆಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನನ್ನ ಸ್ನಾನಕ್ಕೆ ಕಾಯಿಸಿದ ನೀರು ಅಣ್ಣನ ಕೆಸರುಕಾಲಿಗೆ ಹೋಗುತ್ತಿತ್ತು. ನಮ್ಮ ಮಲ್ಲೇಶ್ವರದ ಮನೆಯ ತುಳಸಿಕಟ್ಟೆಯ ಮೇಲೆ ಅವನ ಒದ್ದೆ ಬೂಟುಗಳು ಒಣಗುತ್ತಿದ್ದವು. ಅಮ್ಮ ಅವನ್ನು ಎತ್ತಿ ಪಕ್ಕಕ್ಕಿಟ್ಟು ಪೂಜೆ ಮಾಡಿ, ಮತ್ತೆ ಅಲ್ಲೇ ಇಡುತ್ತಿದ್ದಳು, ಬಿಸಿಲು ಅಲ್ಲಿ ಮಾತ್ರ ಬೀಳುತ್ತಿದ್ದುದರಿಂದ. ಅಣ್ಣ ನಾಗರಾಜ ಅಂದರೆ ಒಂದು ಕಾಲಕ್ಕೆ ಊರಿನ ಲೀಗಿನಲ್ಲಿ ಹೆಸರಿದ್ದ ಸ್ಟಾಪರ್ ಬ್ಯಾಕ್, ಗೋಲಿನ ಮುಂದೆ ನಿಂತು ತಡೆಯುವ ಆಟಗಾರ. ಆಟದಿಂದಲೇ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಆಮೇಲೆ ಮಂಡಿ ಹೋಯಿತು, ಅದರ ಹಿಂದೆ ಕಾರ್ಖಾನೆಯ ತಂಡ ಹೋಯಿತು, ಕೊನೆಗೆ ಕಾರ್ಖಾನೆಯೇ ಎಲ್ಲರಿಗೂ ಕೈಗೆ ಇಷ್ಟು ಕೊಟ್ಟು ಮನೆಗೆ ಕಳಿಸಿತು. ಎರಡು ವರ್ಷ ಅವನು ವರಾಂಡದಲ್ಲಿ ಕೂತು ಪೇಪರ್ ಓದಿದ. ಅತ್ತಿಗೆಯ ತಂದೆಗೆ ಉಪ್ಪಾರಪೇಟೆಯಲ್ಲಿ ಲಾಡ್ಜ್ ಇತ್ತು. ಅವರು ಬಂದಾಗಲೆಲ್ಲ, "ಕೌಂಟರಲ್ಲಿ ಕೂತ್ಕೊಳ್ಳಿ ಅಳಿಯಂದ್ರೆ, ನಮ್ದೇ ಅಲ್ವಾ" ಅನ್ನುವರು. ಅಣ್ಣ ನಕ್ಕು ಸುಮ್ಮನಾಗುವನು. ಅವರು ಹೋದ ಮೇಲೆ, "ಇನ್ನೇನ್ ಕೆಲ್ಸ ಬೇಕಾದ್ರೂ ಮಾಡ್ತೀನಿ, ಮಾವನ ಮನೆ ಬೀಗದಕೈ ಮಾತ್ರ ಹಿಡ್ಯಲ್ಲ" ಅನ್ನುವನು. ಅದೊಂದೇ ಮರ್ಯಾದೆ ಅವನ ಹತ್ತಿರ ಉಳಿದಿತ್ತು.

ಹೀಗಾಗಿ ಆಫೀಸಿಗೆ ಡೆನ್ಮಾರ್ಕ್ ಬಂದಾಗ ನಾನೇ ಪ್ರಭಾಕರ್ ಅವರಿಗೆ ಅಣ್ಣನ ವಿಷಯ ಹೇಳಿದೆ. ಅವರು ಮಂಗಳವಾರವೇ ಬರಲಿ ಅಂದರು. ಮಂಗಳವಾರ ಹೊಸ ಕೆಲಸಕ್ಕೆ ಸೇರುವುದುಂಟೇ ಎಂದು ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ಅಣ್ಣ ಬುಧವಾರ ಬಂದ. ಮಂಗಳವಾರವೇ ಹನ್ನೊಂದು ಜನ ಹನ್ನೊಂದು ತಂಡ ಆರಿಸಿಕೊಂಡಾಗಿತ್ತು. ನನ್ನದು ರಾಜಧಾನಿಯ ತಂಡ, ಪ್ರತಿ ವರ್ಷ ಮೇಲ್ಭಾಗದಲ್ಲೇ ಇರುವಂಥದ್ದು. ಅದರ ಹೆಸರು ಟೈಪ್ ಮಾಡಲು ಸುಲಭ ಅನ್ನಿಸಿದ್ದರಿಂದ ತೆಗೆದುಕೊಂಡಿದ್ದೆ. ಯಾರೂ ಮುಟ್ಟದೆ ಉಳಿದದ್ದು ಹಿಂದಿನ ವರ್ಷ ಕೆಳಗಿನ ದರ್ಜೆಯಿಂದ ಹತ್ತಿ ಬಂದಿದ್ದ, ಯಾವುದೋ ಬಂದರಿನ ಊರಿನ ತಂಡ. ಅದರ ಹೆಸರು ನಮ್ಮಲ್ಲಿ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. 'ಬಂದರಿನವರು' ಎಂದೇ ಕರೆದೆವು.

ಜುಲೈ ಕೊನೆಗೆ ಲೀಗ್ ಶುರುವಾಯಿತು. ಹೊರಗೆ ಬಿಟ್ಟೂ ಬಿಡದ ಜಿಟಿಜಿಟಿ ಮಳೆ. ಮೊದಲ ಭಾನುವಾರವೇ ಪ್ರಭಾಕರ್ ಕೈಕಟ್ಟಿ ನಿಂತು ಒಂದು ಮಾತು ಹೇಳಿದರು.

"ನೋಡಿ, ಈ ಲೀಗಲ್ಲಿ ವರ್ಷದ ಕೊನೆಗೆ ಕೆಳಗಿನ ಎರಡು ತಂಡ ಆಚೆ ಹೋಗತ್ವೆ, ಎರಡು ಹೊಸ್ದು ಬರತ್ವೆ. ಹೊಸ್ದು ಬರೋವು ನಮ್ಗಿಲ್ಲ. ಆ ಕೆಲ್ಸ ಮನಿಲಾದವ್ರಿಗೆ ಕೊಟ್ಬಿಟ್ಟಿದಾರೆ. ಅಂದ್ರೆ ಅರ್ಥ ಆಯ್ತಲ್ಲ? ಎರಡು ಕುರ್ಚಿ ಹೋಗತ್ವೆ. ನನ್ ಕೈಲೇನಿಲ್ಲ."

ನಾವು ನಕ್ಕೆವು. ಕುರ್ಚಿ ಆಟ ಅಂದುಕೊಂಡೆವು. ಅಣ್ಣ ಮಾತ್ರ ಕಳೆದ ಐದಾರು ವರ್ಷದ ಪಟ್ಟಿ ತೆಗೆದು ನೋಡಿದ. ಹತ್ತಿ ಬಂದ ತಂಡ ಬಹುಪಾಲು ಮರುವರ್ಷವೇ ಇಳಿಯುತ್ತದೆ. ಅವನು ಅದನ್ನು ನನಗೆ ತೋರಿಸಿ, ಪರದೆ ಮುಚ್ಚಿ, "ಬಾ, ಟೀ ಕುಡ್ಯೋಣ" ಅಂದ.

ಬಂದರಿನ ಮೈದಾನದಿಂದ ಫೋನ್ ಮಾಡುತ್ತಿದ್ದವನ ಹೆಸರು ಬೆಂಟ್. ಅರವತ್ತು ದಾಟಿದವನು, ದ್ವೀಪಕ್ಕೆ ಜನರನ್ನು ದಾಟಿಸುವ ಹಡಗಿನಲ್ಲಿ ಟಿಕೆಟ್ ಕೊಡುತ್ತಿದ್ದು ನಿವೃತ್ತನಾಗಿದ್ದ. ಪಂದ್ಯಕ್ಕೆ ಮೊದಲು ಆಟಗಾರರ ಹೆಸರು ಓದಬೇಕು. ಅವನು ಅದಕ್ಕೂ ಮೊದಲು ಗಾಳಿಯ ಸುದ್ದಿ ಹೇಳುತ್ತಿದ್ದ. "ಬಿಗ್ ವಿಂಡ್, ಮಿಸ್ಟರ್ ನಾಗ. ವೆರಿ ಬಿಗ್ ವಿಂಡ್." ಅಣ್ಣ ಇಲ್ಲಿಂದ, "ಹಿಯರ್ ಸ್ಮಾಲ್ ರೇನ್, ಮಿಸ್ಟರ್ ಬೆಂಟ್" ಅನ್ನುವನು. ಒಬ್ಬರನ್ನೊಬ್ಬರು ನೋಡದ ಇಬ್ಬರು ಗಂಡಸರು ಗಾಳಿ ಮಳೆ ಮಾತಾಡಿಕೊಂಡು ಆಮೇಲೆ ಸೋಲಿಗೆ ತಯಾರಾಗುತ್ತಿದ್ದರು.

ಸೋಲು ಅಂದರೆ ಸಣ್ಣಪುಟ್ಟದ್ದಲ್ಲ. ಆಗಸ್ಟ್ ಪೂರ್ತಿ ಸೋತರು. ಗೌರಿ ಹಬ್ಬದ ಹೊತ್ತಿಗೆ ಒಂದು ಪಂದ್ಯ ಸಮ ಮಾಡಿಕೊಂಡರು, ಅದಕ್ಕೇ ಅಣ್ಣ ಆಫೀಸಿಗೆಲ್ಲ ಬೋಂಡ ತರಿಸಿದ. ಆ ತಂಡದ ಸ್ಟಾಪರ್‌ಗೆ ಅಣ್ಣನಷ್ಟೇ ವಯಸ್ಸಾಗಿತ್ತು. ಅವನ ಬಗ್ಗೆ ಅಣ್ಣ ಬೆಂಟ್‌ನನ್ನು ಬಿಡದೆ ಕೇಳುವನು. ಎಡಗಾಲಲ್ಲಿ ಹೊಡೆಯುತ್ತಾನಾ, ತಿರುಗಿ ಓಡುವಾಗ ನಿಧಾನವಾಗುತ್ತಾನಾ. ಬೆಂಟ್, "ಸ್ಲೋ, ಯೆಸ್. ಬಟ್ ಗುಡ್ ಹೆಡ್" ಅನ್ನುವನು. ಅಣ್ಣ ನನ್ನ ಕಡೆ ತಿರುಗಿ, "ತಲೆ ಇದ್ರೆ ಸಾಕು, ಕಾಲು ಹೋದ್ರೂ ನಡ್ಯತ್ತೆ" ಅನ್ನುವನು. ನಾನು ಅವನ ಕಾಲು ನೋಡದೆ ನನ್ನ ಪರದೆ ನೋಡಿಕೊಳ್ಳುತ್ತಿದ್ದೆ.

ಅಕ್ಟೋಬರ್ ಕೊನೆಯ ಒಂದು ಭಾನುವಾರ ನಾವೆಲ್ಲ ಎಂದಿನ ಹೊತ್ತಿಗೆ ಹೋಗಿ ಕೂತರೆ ಒಂದು ಫೋನೂ ಬರಲಿಲ್ಲ. ಲೈನ್ ಸತ್ತಿದೆ ಎಂದು ಪ್ರಭಾಕರ್ ಬೆವರಿದರು. ಚಳಿಗಾಲಕ್ಕೆ ಆ ದೇಶದವರು ಗಡಿಯಾರವನ್ನೇ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ ಎಂದು ನಮಗೇನು ಗೊತ್ತು? ಕಾದ ಆ ಒಂದು ಗಂಟೆ ಅಣ್ಣ ಬಹಳ ಖುಷಿಯಾಗಿದ್ದ. ಬಂದರಿನವರು ಹೊಸ ತರಬೇತುದಾರನನ್ನು ತಂದಿದ್ದರು. ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬರೆದು, ನಾಲ್ಕು ಜನರನ್ನು ಹಿಂದಿಟ್ಟರೆ ಹೇಗೆ, ಐದು ಜನರನ್ನು ಇಟ್ಟರೆ ಹೇಗೆ ಎಂದು ಅಣ್ಣ ನಮಗೆ ಪಾಠ ಮಾಡಿದ. ಅಷ್ಟು ಮಾತಾಡಿದ್ದನ್ನು ನಾನು ಎರಡು ವರ್ಷದಿಂದ ಕೇಳಿರಲಿಲ್ಲ. ಆಮೇಲೆ ಫೋನ್ ಬಂತು. ಆ ದಿನ ನಾಲ್ಕು ಗೋಲು ಹಾಕಿಸಿಕೊಂಡರು. ಹಲಗೆ ಒರೆಸಿದವಳು ನಾನೇ.

ಡಿಸೆಂಬರಿನಲ್ಲಿ ಅಲ್ಲಿ ಹಿಮ ಬಿದ್ದು ಲೀಗ್ ನಿಂತುಹೋಗುತ್ತದೆ, ಮಾರ್ಚಿನವರೆಗೂ. ಅಂಥದ್ದೊಂದು ಪದ್ಧತಿ ಇದೆಯೆಂದು ಅಣ್ಣನಿಗೂ ಗೊತ್ತಿರಲಿಲ್ಲ. ಬಂದರಿನವರು ಪಟ್ಟಿಯ ಕಟ್ಟಕಡೆಯಲ್ಲಿದ್ದರು, ಮೂರು ತಿಂಗಳು ಹಾಗೆಯೇ ಇದ್ದರು. ಗೆಲ್ಲುವಂತಿಲ್ಲ, ಸೋಲುವಂತಿಲ್ಲ. ಇಲ್ಲಿ ಅವರೆಕಾಯಿ ಬಂತು, ಸಂಕ್ರಾಂತಿಯ ಎಳ್ಳು ಬೀರಿದ್ದಾಯಿತು, ಅತ್ತಿಗೆಯ ತಂದೆ ಬಂದು ಕೌಂಟರಿನ ಮಾತು ಎತ್ತಿ ಹೋದರು, ಪಟ್ಟಿ ಅಲ್ಲೇ ಇತ್ತು. ಅಣ್ಣ ದಿನಾ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿ ಅದನ್ನೇ ನೋಡುತ್ತಿದ್ದ. ಅದು ರಾತ್ರೋರಾತ್ರಿ ತಿದ್ದಿಕೊಂಡಿರಬಹುದು ಎಂಬ ಆಸೆ ಅವನ ಮುಖದಲ್ಲಿ ಕಾಣುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ.

ಒಂದು ದಿನ ತಡೆಯಲಾಗದೆ ಅಂದೆ, "ಅಣ್ಣ, ನಿನ್ ಕುರ್ಚಿ ನಂಗ್ ಕೊಡು, ನನ್ದು ನೀನ್ ತಗೋ. ಪ್ರಭಾಕರ್ ಸರ್ ಹತ್ರ ಮಾತಾಡಿದೀನಿ, ಅವ್ರು ಒಪ್ಪಿದಾರೆ. ನಂಗೇನು, ಇನ್ನೊಂದು ಕಡೆ ಟೈಪಿಂಗ್ ಕೆಲ್ಸ ಸಿಗತ್ತೆ."

"ರಾಜಧಾನಿ ಟೀಮಾ?" ಎಂದು ಅಣ್ಣ ನನ್ನ ಪರದೆ ನೋಡಿದ.

"ಹೂಂ. ಅವ್ರು ಜನ್ಮದಲ್ಲಿ ಇಳ್ಯಲ್ಲ."

"ಮಧ್ಯದಲ್ಲಿ ಟೀಮ್ ಬಿಟ್ಟು ಹೋಗಕ್ಕಾಗತ್ತೇನೆ? ಬೆಂಟ್‌ಗೆ ಏನಂತ ಹೇಳ್ಲಿ?"

"ಬೆಂಟ್ ನಿನ್ ಮಗಳ ಸ್ಕೂಲ್ ಫೀಸ್ ಕಟ್ತಾನಾ?"

ಅವನು ತನ್ನ ಪರದೆಯ ಕಡೆ ತಿರುಗಿ ಮತ್ತೆ ಪಟ್ಟಿ ತೆರೆದ. ನಾನು ಮತ್ತೆ ಕೇಳಲಿಲ್ಲ. ಆಡುವ ಕಾಲದಲ್ಲೂ ಅವನು ಹೀಗೆಯೇ, ದೊಡ್ಡ ತಂಡದವರು ಎರಡು ಸಲ ಕರೆದರೂ ಕಾರ್ಖಾನೆ ಬಿಟ್ಟು ಹೋಗಿರಲಿಲ್ಲ. ಕೊನೆಗೆ ಕಾರ್ಖಾನೆಯೇ ಬಿಟ್ಟಿತು.

ಇಷ್ಟು ಹೊತ್ತಿಗೆ ವಿಷಯ ಅಮ್ಮನ ಕಿವಿಗೆ ಬಿದ್ದಿತ್ತು. ಅಮ್ಮನಿಗೆ ಫುಟ್‌ಬಾಲೂ ಗೊತ್ತಿಲ್ಲ, ಡೆನ್ಮಾರ್ಕೂ ಗೊತ್ತಿಲ್ಲ. ಹನ್ನೊಂದು ಜನ ಗೆಲ್ಲಬೇಕು, ಗೆದ್ದರೆ ಮಗನ ಕೆಲಸ ಉಳಿಯುತ್ತದೆ, ಇಷ್ಟು ಅರ್ಥವಾಗಿತ್ತು. ಮಾರ್ಚಿನಲ್ಲಿ ಪಂದ್ಯಗಳು ಮತ್ತೆ ಶುರುವಾಗುವ ಭಾನುವಾರ ಬೆಳಿಗ್ಗೆ ನನ್ನನ್ನು ಎಳೆದುಕೊಂಡು ಮನೆ ಹತ್ತಿರದ ಗಣೇಶನ ಗುಡಿಗೆ ಹೋದಳು. ಅರ್ಚನೆಯ ತಟ್ಟೆ ಕೊಟ್ಟು ನಿಂತಳು.

"ಯಾರ ಹೆಸ್ರಲ್ಲಮ್ಮ?" ಎಂದರು ಅರ್ಚಕರು.

ಅಮ್ಮ ನನ್ನ ಕಡೆ ನೋಡಿದಳು. ನಾನು ತಂಡದ ಹೆಸರು ಹೇಳಿದೆ. ಅರ್ಚಕರು ಕಿವಿ ಮುಂದೆ ಮಾಡಿದರು. ಎರಡನೇ ಸಲ ಹೇಳಿದೆ. "ಬಂದರಿನವರು ಅಂತ್ಲೇ ಇಟ್ಕೊಳ್ಳಿ" ಎಂದಳು ಅಮ್ಮ. "ಹನ್ನೊಂದು ಜನ ಹುಡುಗ್ರು. ಪರಸ್ಥಳದವ್ರು."

"ಗೋತ್ರ?"

"ಗೊತ್ತಿಲ್ವಲ್ಲ."

"ಗೊತ್ತಿಲ್ಲದಿದ್ರೆ ಕಾಶ್ಯಪ ಅನ್ನೋದು. ಎಲ್ರೂ ಅವನ ಮಕ್ಕಳೇ" ಎಂದು ಅರ್ಚಕರು ಸಲೀಸಾಗಿ ದಾಟಿಸಿಬಿಟ್ಟರು. "ನಕ್ಷತ್ರ?"

ಇಲ್ಲಿ ಅಮ್ಮ ತಡವರಿಸಿದಳು. ಹನ್ನೊಂದು ಜನಕ್ಕೆ ಯಾವ ನಕ್ಷತ್ರ ಹೇಳುವುದು? ಹಿಂದೆ ಸಾಲು ಬೆಳೆಯುತ್ತಿತ್ತು. "ನನ್ ಮಗನ್ದೇ ಹೇಳಿ. ಆಶ್ಲೇಷಾ" ಅಂದಳು. ಅರ್ಚಕರು ಹಾಗೆಯೇ ಮಂತ್ರದೊಳಗೆ ಸೇರಿಸಿ, ಗಂಟೆ ಬಾರಿಸಿ, ಕುಂಕುಮ ಕೊಟ್ಟರು. ಗುಡಿಯ ಆಚೆ ಬಂದು ನಾನು ಹೊಟ್ಟೆ ಹಿಡಿದು ನಕ್ಕೆ. ಅಮ್ಮ ನಗಲಿಲ್ಲ.

ಅವತ್ತು ಸಂಜೆ ಬಂದರಿನವರು ಗೆದ್ದರು. ಒಂದೇ ಗೋಲು, ಅದೂ ನಮ್ಮ ಮುದಿ ಸ್ಟಾಪರ್ ತಲೆಯಿಂದ ಹೊಡೆದದ್ದು. ಅಣ್ಣ ಟೈಪ್ ಮಾಡಿ ಮುಗಿಸಿ ಎದ್ದು ನಿಂತು, ಕೂತು, ಮತ್ತೆ ಎದ್ದು ನಿಂತ. ಫೋನಿನಲ್ಲಿ ಬೆಂಟ್ ಏನೋ ಅವನ ಭಾಷೆಯಲ್ಲಿ ಕೂಗುತ್ತಿದ್ದ. ಅಣ್ಣ ಕನ್ನಡದಲ್ಲಿ, "ಹೌದು ಕಣಯ್ಯ, ಹೌದು ಕಣಯ್ಯ" ಅನ್ನುತ್ತಿದ್ದ.

ಆಮೇಲೆ ಅಮ್ಮನನ್ನು ತಡೆಯುವವರು ಯಾರು? ಪ್ರತಿ ಭಾನುವಾರ ಅರ್ಚನೆ, ಅದೇ ಗೋತ್ರ, ಅದೇ ನಕ್ಷತ್ರ. ಹೊಂಗೆ ಮರಗಳು ಹೂ ಚೆಲ್ಲಿ ರಸ್ತೆ ಬೆಳ್ಳಗಾದ ದಿನಗಳು. ಗೆದ್ದದ್ದು ಕಡಿಮೆ, ಸಮ ಮಾಡಿಕೊಂಡದ್ದೇ ಹೆಚ್ಚು. ಆದರೂ ತೆವಳಿಕೊಂಡು ತೆವಳಿಕೊಂಡು ಕೊನೆಯಿಂದ ಎರಡನೆಯವರಾದರು. ಅವರ ಮೇಲಿನ ತಂಡ ಕೈಗೆಟುಕುವಷ್ಟು ಹತ್ತಿರ ಬಂತು. ಅರ್ಚಕರಿಗೂ ರುಚಿ ಹತ್ತಿತ್ತು. ಒಂದು ಸಲ ಸಂಪಿಗೆ ರಸ್ತೆಯಲ್ಲಿ ತರಕಾರಿ ಚೀಲ ಹಿಡಿದು ಸಿಕ್ಕವರು, "ಏನಮ್ಮ, ನಮ್ ಕಾಶ್ಯಪ ಗೋತ್ರದವ್ರು ಹೋದ್ವಾರ ಏನ್ ಮಾಡಿದ್ರು?" ಎಂದು ನನ್ನನ್ನು ನಿಲ್ಲಿಸಿ ಕೇಳಿದರು. ಡ್ರಾ ಅಂದೆ. "ಡ್ರಾ ಮಾಡ್ಕೊಂಡು ಕೂತ್ರೆ ಆಗತ್ತಾ, ಗೋಲ್ ಹೊಡೀಬೇಕು" ಎಂದು ಬೇಜಾರು ಮಾಡಿಕೊಂಡು ಹೋದರು.

ಮನೆಯಲ್ಲಿ ನಗು ಬಂದಿತ್ತು. ಅತ್ತಿಗೆ ತಂದೆಗೆ ಫೋನಿನಲ್ಲಿ, "ಇಲ್ಲಪ್ಪ, ಇವ್ರಿಗೆ ಇಲ್ಲೇ ಪರ್ಮನೆಂಟ್ ಆಗೋ ಹಾಗಿದೆ" ಎಂದು ಹೇಳುವುದು ನನ್ನ ಕಿವಿಗೆ ಬಿತ್ತು. ಆ ಎರಡು ತಿಂಗಳು ನೆನೆದರೆ ಈಗಲೂ ಅನ್ನಿಸುತ್ತದೆ, ನೆಟ್ಟಗೆ ಸೋತುಕೊಂಡೇ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕೊನೆಯ ಪಂದ್ಯ ಮೇ ತಿಂಗಳ ಕೊನೆಗೆ, ಬಂದರಿನವರ ಊರಿನಲ್ಲೇ. ಗೆದ್ದರೆ ಉಳಿಯುತ್ತಾರೆ, ಗೆಲ್ಲದಿದ್ದರೆ ಇಳಿಯುತ್ತಾರೆ. ಅಷ್ಟೇ ಲೆಕ್ಕ. ಆ ಸಂಜೆ ಬೆಂಗಳೂರಿನಲ್ಲಿ ಗುಡುಗು ಮಳೆ. ಕರೆಂಟ್ ಹೋಗಿ ಬ್ಯಾಟರಿಯ ಮೇಲೆ ಕಂಪ್ಯೂಟರುಗಳು ಓಡುತ್ತಿದ್ದವು. ಫ್ಯಾನ್ ಇಲ್ಲ, ಕೆಳಗಿನ ಪ್ರೆಸ್ಸಿನ ಮಸಿ ವಾಸನೆ ಮೇಲೆಲ್ಲ ತುಂಬಿತ್ತು. ನನ್ನ ರಾಜಧಾನಿಯವರು ಅವತ್ತು ಹೊರಗೆ ಆಡುತ್ತಿದ್ದರು. ಹಾಗಾಗಿ ನಾನು ಅಣ್ಣನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತೆ. ನನಗೂ ಕೇಳಲೆಂದು ಅವನು ಹೆಡ್‌ಫೋನಿನ ಒಂದು ಬದಿಯನ್ನು ನನ್ನ ಕಡೆ ತಿರುಗಿಸಿ ಕೊಟ್ಟಿದ್ದ.

"ನೋ ವಿಂಡ್ ಟುಡೇ, ಮಿಸ್ಟರ್ ನಾಗ" ಎಂದ ಬೆಂಟ್. ಅದೇ ಮೊದಲ ಸಲ ಅವನು ಗಾಳಿ ಇಲ್ಲ ಎಂದದ್ದು.

ಮೊದಲ ಅರ್ಧದಲ್ಲೇ ಬಂದರಿನವರು ಗೋಲು ಹೊಡೆದರು. ಆಮೇಲೆ ಇಡೀ ಆಟ ಅವರ ಕಡೆಯ ಅಂಗಳದಲ್ಲೇ ನಡೆಯಿತು. ಬೆಂಟ್ ಉಸಿರು ಬಿಡದೆ ಹೇಳುತ್ತಿದ್ದ. ಕಾರ್ನರ್, ಮತ್ತೆ ಕಾರ್ನರ್, ಗೋಲ್‌ಕೀಪರ್ ಹಿಡಿದ, ಸ್ಟಾಪರ್ ತಲೆ ಕೊಟ್ಟ, ಮತ್ತೆ ಕಾರ್ನರ್. ಅಣ್ಣ ಟೈಪ್ ಮಾಡುತ್ತಿದ್ದ. ಮೇಜಿನ ಕೆಳಗೆ ಅವನ ಕೆಟ್ಟ ಕಾಲು ಚೆಂಡು ತಡೆಯುವ ಹಾಗೆ ಹೊರಳುತ್ತಿತ್ತು. ಆಫೀಸಿನಲ್ಲಿ ಅವತ್ತು ಫೋನ್ ಬರದವರೆಲ್ಲ ಅವನ ಹಿಂದೆ ಬಂದು ನಿಂತಿದ್ದರು. ಪ್ರಭಾಕರ್ ಕೂಡ.

ಆಟ ಮುಗಿಯಲು ಇನ್ನೇನು ನಾಲ್ಕೈದು ನಿಮಿಷ ಇತ್ತು. ಫೋನಿನಲ್ಲಿ ಬೆಂಟ್ ಒಮ್ಮೆಲೇ ನಿಂತುಬಿಟ್ಟ. ಅವನ ಹಿಂದಿನ ಜನದ ಗಲಾಟೆಯೂ ನಿಂತಿತು. ಎಲ್ಲೋ ದೂರದಲ್ಲಿ, ಮೈದಾನದ ಒಂದು ಮೂಲೆಯಿಂದ ಮಾತ್ರ ಕೂಗು ಕೇಳುತ್ತಿತ್ತು. ಹೊರಗಿನಿಂದ ಬಂದವರ ಕೂಗು. ಅಣ್ಣನಿಗೆ ತಕ್ಷಣ ಗೊತ್ತಾಯಿತು, ಅವನ ಮುಖ ನೋಡಿ ನನಗೆ ಗೊತ್ತಾಯಿತು.

ನಮ್ಮ ಕೆಲಸದ ಕ್ರಮ ಏನೆಂದರೆ, ಗೋಲು ಆದರೆ ಹೊಡೆದವನ ಹೆಸರು ಹಾಕದೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ. ಹೆಸರು ಹೊಸದಾದರೆ ಆ ಕಡೆಯವನು ಒಂದೊಂದೇ ಅಕ್ಷರ ಹೇಳಬೇಕು, ಈ ಕಡೆಯವನು ಒಂದೊಂದನ್ನೂ ತಿರುಗಿ ಹೇಳಿ ಹೊಡೆಯಬೇಕು. ಗೋಲು ಹೊಡೆದವನು ಆ ವರ್ಷ ಒಂದು ಪಂದ್ಯವನ್ನೂ ಆಡಿರದ, ಎದುರು ತಂಡದವರು ಕೊನೆಗಳಿಗೆಯಲ್ಲಿ ಬೆಂಚಿನಿಂದ ಎಬ್ಬಿಸಿ ಕಳಿಸಿದ ಹುಡುಗ. ಅವನ ಹೆಸರು ನಮ್ಮ ಯಾವ ಪಟ್ಟಿಯಲ್ಲೂ ಇರಲಿಲ್ಲ.

"ನೇಮ್, ಮಿಸ್ಟರ್ ಬೆಂಟ್" ಎಂದ ಅಣ್ಣ.

ಅಣ್ಣ ಕೀಲಿಮಣೆಯ ಮೇಲೆ ಬೆರಳಿಟ್ಟು ಕಾದ.

"ನೇಮ್ ಪ್ಲೀಸ್."

"ಬಿ" ಎಂದ ಬೆಂಟ್.

"ಬಿ" ಎಂದ ಅಣ್ಣ.

ಮುಂದಿನದು ಅವರ ಭಾಷೆಯ ಅಡ್ಡಗೀಟಿನ ಒ. ನಮ್ಮ ಕೀಲಿಮಣೆಯಲ್ಲಿ ಆ ಅಕ್ಷರ ಇಲ್ಲ. ಒಂದು ಕೀಲಿ ಹಿಡಿದುಕೊಂಡು ಕೆಲವು ಅಂಕಿ ಒತ್ತಿದರೆ ಬರುತ್ತದೆ. ಉಳಿದವರೆಲ್ಲ ಗೋಡೆಗೆ ಅಂಟಿಸಿದ ಚೀಟಿ ನೋಡಿ ಒತ್ತುತ್ತಿದ್ದೆವು. ಅಣ್ಣನಿಗೆ ಅದು ಬಾಯಿಪಾಠ. ಒತ್ತಿದ.

"ಜಿ."

"ಜಿ."

"ಎಚ್."

"ಎಚ್. ಓಕೆ?"

"ಓಕೆ" ಎಂದ ಬೆಂಟ್. ಅವನು ಅಳುತ್ತಿದ್ದನೆಂದು ನನಗೆ ಅನ್ನಿಸಿತು. ಅಣ್ಣ ಹೆಸರನ್ನು ಇನ್ನೊಂದು ಸಲ ಓದಿ ನೋಡಿ ಎಂಟರ್ ಒತ್ತಿದ. ತನ್ನ ಕುರ್ಚಿ ತೆಗೆದ ಹುಡುಗನ ಹೆಸರನ್ನು ಒಂದೂ ತಪ್ಪಿಲ್ಲದೆ ಬರೆದ. ಉಳಿದ ನಿಮಿಷಗಳನ್ನೂ ಟೈಪ್ ಮಾಡಿದ. ಒಂದು ಒಂದಕ್ಕೇ ಆಟ ಮುಗಿಯಿತು. ಕೊನೆಗೆ ಬೆಂಟ್, "ನೆಕ್ಸ್ಟ್ ಇಯರ್, ಮಿಸ್ಟರ್ ನಾಗ, ವಿ ಕಮ್ ಬ್ಯಾಕ್" ಎಂದ. ಅಣ್ಣ, "ಯೆಸ್, ನೆಕ್ಸ್ಟ್ ಇಯರ್" ಎಂದು ಹೆಡ್‌ಫೋನ್ ತೆಗೆದಿಟ್ಟ. ತಾನು ಇರುವುದಿಲ್ಲ ಎಂದು ಹೇಳಲಿಲ್ಲ.

ಮನೆಗೆ ನಡೆದೇ ಬಂದೆವು. ರಸ್ತೆಯಲ್ಲಿ ನೀರು ಹರಿಯುತ್ತಿತ್ತು, ಅಣ್ಣ ಕುಂಟುತ್ತ ಮುಂದೆ ಹೋದ. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ನಮ್ಮನ್ನು ನೋಡಿದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಯ ಹೊಸಿಲ ಮೇಲೆ ಕೂತಳು.

"ನನ್ನಿಂದ್ಲೇ ಆಯ್ತು ಕಣಪ್ಪ" ಎಂದಳು. "ಪಾಪ, ಎಲ್ಲೋ ಇದ್ದ ಹುಡುಗ್ರು. ಅವ್ರಿಗೆ ನಿನ್ ನಕ್ಷತ್ರ ಹೇಳ್ಬಾರ್ದಿತ್ತು."

ಅವಳು ಯಾರನ್ನೂ ನೋಯಿಸಲು ಆಡಿದ ಮಾತಲ್ಲ. ಅವಳಿಗೆ ನಿಜವಾಗಿ ಆ ಹನ್ನೊಂದು ಜನರ ಬಗ್ಗೆ ಸಂಕಟವಾಗಿತ್ತು. ಆದರೆ ಮಾತು ಹೊರಬಿದ್ದ ಮೇಲೆ ಅದು ಏನೆಂದು ಎಲ್ಲರಿಗೂ ಒಟ್ಟಿಗೆ ತಿಳಿಯಿತು. ಅತ್ತಿಗೆ ಒಲೆಯ ಕಡೆ ತಿರುಗಿಕೊಂಡಳು. ನಾನು, "ಸುಮ್ನಿರಮ್ಮ, ಏನ್ ಮಾತಾಡ್ತಿದೀಯ" ಎಂದು ಗದರಿದೆ. ಅಣ್ಣ ಮಾತ್ರ ಬಹಳ ಸಮಾಧಾನವಾಗಿ, "ಇರ್ಬೋದಮ್ಮ" ಅಂದ. ಕಾಲು ತೊಳೆಯಲು ಬಚ್ಚಲಿಗೆ ಹೋದ. ಅವನು ನಕ್ಕಿದ್ದರೆ ನಾನು ಆ ಮಾತನ್ನು ಮರೆತುಬಿಡುತ್ತಿದ್ದೆನೋ ಏನೋ.

ಅವನು ಮರುದಿನ ಬೂಟುಗಳನ್ನು ಯಾರಿಗೋ ಕೊಟ್ಟ. ಜೂನ್ ಮೊದಲ ವಾರ ಉಪ್ಪಾರಪೇಟೆಯ ಲಾಡ್ಜಿನ ಕೌಂಟರಿಗೆ ಹೋಗಿ ಕೂತ. ಸೇರಿದ್ದು ಮಂಗಳವಾರ. ಅಮ್ಮ ಈ ಸಲ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಆಮೇಲೆ ಭಾನುವಾರಗಳಲ್ಲಿ ಅವಳು ಗುಡಿಗೂ ಹೋಗಲಿಲ್ಲ. ಅರ್ಚಕರು ಎದುರಿಗೆ ಬಂದರೆ ಪಕ್ಕದ ರಸ್ತೆಗೆ ತಿರುಗಿಕೊಳ್ಳುವಳು.

ಆಫೀಸಿನಲ್ಲಿ ಎರಡು ಕುರ್ಚಿ ತೆಗೆದರು. ಅಣ್ಣನ ಮೇಜಿನ ಮೇಲಿನ ಫೋನ್ ಮಾತ್ರ ಕೀಳದೆ ಹಾಗೆಯೇ ಬಿಟ್ಟಿದ್ದರು, ಹೊಸ ಲೀಗ್ ಶುರುವಾದರೂ. ಆಗಸ್ಟಿನ ಒಂದು ಭಾನುವಾರ ಸಂಜೆ ನಾನು ನನ್ನ ರಾಜಧಾನಿಯವರನ್ನು ಟೈಪ್ ಮಾಡಿ ಮುಗಿಸಿ ಏಳುತ್ತಿದ್ದೆ, ಅದು ರಿಂಗಾಯಿತು. ಎತ್ತಿಕೊಂಡೆ.

"ಮಿಸ್ಟರ್ ನಾಗ? ಬಿಗ್ ವಿಂಡ್" ಎಂದ ಬೆಂಟ್.

ಕಂಪನಿ ಅವನಿಗೂ ಕೆಲಸವಿಲ್ಲ ಎಂದು ಹೇಳಿತ್ತು. ಕೆಳಗಿನ ದರ್ಜೆಯ ಪಂದ್ಯ ಯಾರಿಗೆ ಬೇಕು? ಆದರೂ ಮೈದಾನಕ್ಕೆ ಹೋಗಿ, ಅವನದೇ ಫೋನಿನಿಂದ ನಮ್ಮ ನಂಬರ್ ಒತ್ತಿದ್ದ. ನಾಗ ಇಲ್ಲ, ನಾನು ಅವನ ತಂಗಿ ಎಂದೆ. ರಜೆಯಾ ಎಂದು ಕೇಳಿದ. ಹೌದು ಎಂದೆ. ಅವನು ಪಂದ್ಯದ ಸುದ್ದಿ ಹೇಳಿದ. ನಾನು ಪೂರ್ತಿ ಕೇಳಿಸಿಕೊಂಡು ಥ್ಯಾಂಕ್ಸ್ ಹೇಳಿದೆ. ಹೇಳುತ್ತೇನೆ, ಖಂಡಿತ ಹೇಳುತ್ತೇನೆ ಎಂದೆ.

ಅಲ್ಲಿಂದ ಸೀದಾ ಉಪ್ಪಾರಪೇಟೆಗೆ ಹೋದೆ. ಅಣ್ಣ ಕೌಂಟರಿನ ಹಿಂದೆ, ಬೀಗದಕೈಗಳ ಹಲಗೆಗೆ ಬೆನ್ನು ಹಾಕಿ ಕೂತಿದ್ದ. ಕೈಚೀಲ ಹಿಡಿದ ಒಬ್ಬ ಗಿರಾಕಿ ರೂಮಿನಲ್ಲಿ ಬಿಸಿನೀರು ಬರುತ್ತಿಲ್ಲ ಎಂದು ರೇಗುತ್ತಿದ್ದ. ಅವನನ್ನು ಸಮಾಧಾನ ಮಾಡಿ ಕಳಿಸುವವರೆಗೂ ನಿಂತೆ.

"ಬೆಂಟ್ ಫೋನ್ ಮಾ‌ಡಿದ್ದ" ಎಂದೆ.

ಅಣ್ಣ ನನ್ನನ್ನು ನೋಡಿದ. ಅವನ ಕೈ ತಾನಾಗಿ ಕೌಂಟರಿನ ಮೇಲೆ ಬಂತು, ಬೆರಳುಗಳು ಟೈಪ್ ಮಾಡಲು ಕೂತ ಹಾಗೆ ಬಾಗಿದವು.

"ಎಷ್ಟಾಯ್ತು?"

"ಮೂರು ಸೊನ್ನೆ. ಸೋತ್ರು."

"ಅಲ್ಲೂನಾ?" ಎಂದ ಅಣ್ಣ.

ಅಷ್ಟರಲ್ಲಿ ಬಸ್ಸಿಳಿದು ಬಂದ ಒಂದು ಸಂಸಾರ ಒಳಗೆ ಬಂತು. ಅವನು ಎದ್ದು, ಹಲಗೆಯ ಕಡೆ ತಿರುಗಿ, ಖಾಲಿ ಇದ್ದ ರೂಮಿನ ಬೀಗದಕೈ ಹುಡುಕತೊಡಗಿದ.